ಪ್ರಣಿತಾಳ ವಿರಾಮ

ಅಲ್ಲರೀ ಮೇಡಂ, ರೋಗ ಅಲ್ಲರೀ ಅದು! ವಿರಾಮ. ಭಾಷಣದಾಗಿನ ವಿರಾಮ! ನಾನೇ ಕಲಿಸಿದ್ದು. ಸೊಸಿ ನಿಮ್ಮ ಮುಂದ ಏನೇನ ಹಚ್ಚಿ ಹೇಳ್ಯಾಳೋ... ನಮ್ಮ ಸಪನಾ ಭಾಳ ಅಂಜುಬುರಕಿ ಅದಾಳ್ರೀ. ಮಗಳು ಸೀನಿದ್ರೂ ದವಾಖಾನಿ, ಆಕಳಿಸಿದ್ರೂ ದವಾಖಾನಿ! ಭಾಲ್ಕಿಯಿಂದ ಬೀದರ ತನಕ ಬಸ್ಸಿನ್ಯಾಗ ನನ್ನ ಕೂಡ ಒಂದ ಮಾತ ಆಡಿಲ್ಲ. ಈಗ ಹೊರಗ ಬೆಂಚಿನ ಮ್ಯಾಲ ಪೋರಿ ಕೈ ಹಿಡ್ಕೊಂಡ ಕುಂತಾಳ. ಕುಂದರ್ಲಿ. ನಾವು ತಿಳಿದವ್ರು ಮಾತಾಡೋಣ.

ಯಾಕ್ರೀ ನಗ್ತೀರಿ? ಮೇಡಂ ಅಂದಿದ್ದಕ್ಕೇನು? ಮತ್ತೇನ ಅನ್ಲಿ! ಡಾಬಕಾ ಸಾಲ್ಯಾಗ ಮೂರನೇ ಇಯತ್ತೆಗೆ ಮೂಗ ಸೋರಿಸ್ಕೋತ ಬರ್ತಿದ್ದ ಆರತಿ ಇವತ್ತ ಮಕ್ಕಳ ಡಾಕ್ಟರು. ನಿಮ್ಮಪ್ಪ ಧೊಂಡಿಬಾ ನಿಮಗ ಸಾಲಿ ಬಿಡಿಸಿ ಕುರಿ ಹಿಂದ ಹಚ್ಚಬೇಕಂತ ಬಂದಾಗ ಯಾರ ಅಡ್ಡ ನಿಂತಿದ್ರು?... ಹಾಂ. ಇದೇ ಗೋರಖನಾಥ ಮಾಸ್ತರ. ನಾ ಏನ ಅದನ್ನ ಎತ್ತಿ ಆಡ್ಲಕತ್ತಿಲ್ಲರೀ. ಸುಮ್ಮ ನೆನಪಾತು, ಅಂದೆ.

ನಂದು ಒಂದ ಸಣ್ಣ ಕೆಲಸ. ಮೊಮ್ಮಗಳಿಗೆ ಏನೂ ಆಗಿಲ್ಲ ಅಂತ ಒಂದ ಚೀಟಿ ಬರದ ಕೊಟ್ಟಬಿಡ್ರಿ. ಹದಿನಾಲ್ಕನೇ ತಾರೀಖು ಬಾಬಾಸಾಹೇಬರ ಜಯಂತಿ. ಬೀದರದಾಗ ದೊಡ್ಡ ವೇದಿಕಿ, ಇಡೀ ಜಿಲ್ಲಾಕ್ಕ ಒಂದೇ ಭಾಷಣ ಸ್ಪರ್ಧಾ! ಡಾಕ್ಟರ ಹೂಂ ಅನ್ನೋ ತನಕ ಮಗಳು ವೇದಿಕಿ ಹತ್ತಂಗಿಲ್ಲ ಅಂತ ಸಪನಾ ಹಟ ಹಿಡದಾಳ. ಇನ್ನ ಆರ ದಿನ ಉಳದಾವ್ರೀ. ಅದು ಮುಗೀಲಿ, ಆಮ್ಯಾಲ ತಲಿಗೆ ವೈರ ಹಚ್ಚೋ ನಿಮ್ಮ ಪರೀಕ್ಷಾ ಒಂದಲ್ಲ ಹತ್ತ ಮಾಡ್ಕೋರಿ. ನಾ ಬ್ಯಾಡ ಅನ್ನಂಗಿಲ್ಲ.

ನನಗ ಹಳ್ಳಿ ಗಮಾರ ಅಂತ ತಿಳೀಬ್ಯಾಡ್ರಿ ಮತ್ತ! ಮಕ್ಕಳಿಗೆ ಬರೋ ಫಿಟ್ಸಿನ ಮ್ಯಾಲ ಊರೂರಿಗೆ ಹೋಗಿ ಹೇಳದಾಂವ ನಾ. ನೆನಪದನೋ ಇಲ್ಲೋ? "ಮೂಗಿಗೆ ಚಪ್ಪಲಿ ಹಿಡೀಬ್ಯಾಡ್ರಿ, ಉಳ್ಳಾಗಡ್ಡಿ ಹಿಡೀಬ್ಯಾಡ್ರಿ, ಕೈಯಾಗ ಕೀಲಿಕೈ ತುರಕಬ್ಯಾಡ್ರಿ, ಬಾಯಾಗ ಚಮಚಾ ಹಾಕಬ್ಯಾಡ್ರಿ. ಕೂಸಿಗೆ ಮಗ್ಗಲಾಗಿ ಮಲಗಿಸ್ರಿ. ಗಡಿಯಾರ ನೋಡ್ರಿ. ಐದ ಮಿನಿಟ ದಾಟಿದ್ರ ದವಾಖಾನಿಗೆ ಓಡ್ರಿ." ಬರೋಬ್ಬರಿ ಅದ ಇಲ್ಲ?... ಹಾಂ! ಮನ್ನೆ ಬಾಜೂ ಮನಿ ಪುತಳಾಬಾಯಿ ಬಂದು, ಪೋರಿಗೆ ಗಾಳಿ ಸೋಕ್ಯಾದ, ತಾಯತ ಕಟ್ಟಸ್ರಿ ಅಂದ್ಲು. ಎಂಥಾ ಉಗದೆ ಅಂತೀರಿ! ಹೊಸ್ತಿಲಾ ದಾಟಗೊಡಲಿಲ್ಲ ಅಕಿಗೆ. ಮೂಢನಂಬಿಕಿಗೆ ನಮ್ಮ ಮನ್ಯಾಗ ಜಾಗಾನೇ ಇಲ್ಲರೀ.

ಫಿಟ್ಸ್ ಅಂದ್ರ ನನಗ ಗೊತ್ತದ. ದಬಕ್ಕನ ಬೀಳ್ತಾರ, ಕೈಕಾಲ ಝಾಡಸ್ತಾರ, ಬಾಯಾಗ ನೊರಿ ಬರ್ತದ. ನಮ್ಮ ಪ್ರಣಿತಾ ಬೀಳಂಗಿಲ್ಲ, ನಡಗಂಗಿಲ್ಲ. ಒಂಬತ್ತ ವರ್ಷದ ಪೋರಿ, ಮಾತಿನ ನಡಬರಕ ಸುಮ್ಮ ನಿಂತಬಿಡ್ತಾಳ. ಕಣ್ಣು ಜರಾ ಮ್ಯಾಲ, ರೆಪ್ಪಿ ಜರಾ ಪಟಪಟ... ಆಮ್ಯಾಲ ಎಲ್ಲಿ ಬಿಟ್ಟಿದ್ಲೋ ಅಲ್ಲಿಂದನೇ ಮುಂದ! ಒಂದ ಅಕ್ಷರ ತಪ್ಪಂಗಿಲ್ಲ! ರೋಗ ಬಂದವ್ರು ಹಂಗ ಮಾತಾಡ್ತಾರೇನ್ರೀ?

ಔರಾದದ ಭಾಷಣ ಸ್ಪರ್ಧಾದಾಗ ಏನಾತು ಕೇಳ್ರಿ. "ನಮ್ಮ ಮುತ್ತಜ್ಜಂದಿರಿಗೆ ಆ ಕೆರೆಯ ನೀರು..." ಅಂದ್ಲು, ನಿಂತ್ಲು! ಸಭಾ ಗಪ್ ಚಿಪ್! ಮುಂದಿನ ಸಾಲಿನ್ಯಾಗ ಗೌಡ್ರು, ಪಾಟೀಲ್ರು. ಚಹಾದ ಕಪ್ಪ ತುಟಿ ತನಕ ಒಯ್ದವ್ರು ಹಂಗೇ ಹಿಡ್ಕೊಂಡ ಕುಂತರು. ಆಮ್ಯಾಲ ಪೋರಿ, "...ಮುಟ್ಟಲಿಕ್ಕೂ ಸಿಗಲಿಲ್ಲ!" ಅಂತು. ಅಬಬಬಾ, ಏನ ಚಪ್ಪಾಳಿ! ಜಡ್ಜ ಶಿವರಾಜಪ್ಪನವ್ರು ಕಣ್ಣ ಒರಿಸ್ಕೋತ ಬಂದು, "ನಲವತ್ತ ವರ್ಷದಾಗ ಇಂಥಾ ವಿರಾಮ ನೋಡಿಲ್ಲ ಮಾಸ್ತರೇ, ಯಾರ ಕಲಿಸ್ಯಾರ?" ಅಂತ ಕೇಳಿದ್ರು.

ನಾ ಏನ ಅನಬೇಕಿತ್ತು?... ನಾನೇ ಅಂದೆ.

ನಗಬ್ಯಾಡ್ರಿ. ನಮ್ಮಪ್ಪ ಮಾತಾಡ್ಲಿಕ್ಕ ನಿಂತ್ರ ಇಂಥಾ ಗೌಡ್ರು-ಪಾಟೀಲ್ರೇ ಎದ್ದು ಬೀಡಿ ಸೇದ್ಲಿಕ್ಕ ಹೋಗ್ತಿದ್ರು. ನಾ ನಿಂತ್ರ ವಾಚ್ ನೋಡ್ತಿದ್ರು. ನನ್ನ ಮೊಮ್ಮಗಳು ಬಾಯಿ ಮುಚ್ಚಿ ನಿಂತ್ರೂ ಉಸಿರ ಹಿಡದ ಕೂಡ್ತಾರಂದ್ರ... ನನಗ ಖುಷಿ ಆಗಬಾರ್ದೇನ್ರೀ? ಆತು. ಭಾಳ ಆತು. ಅವತ್ತ ನಾ ಅತ್ತೀನಿ.

ಏನ್ರೀ? ಮನ್ಯಾಗ?... ಮನ್ಯಾಗೂ ಒಮ್ಮೊಮ್ಮೆ ನಿಲ್ತಾಳ. ಊಟ ಮಾಡೂಮುಂದ, ತುತ್ತ ಕೈಯಾಗೇ... ಪ್ರಾಕ್ಟೀಸ್ ಮಾಡ್ತಾಳ್ರೀ! ಶ್ರದ್ಧಾ ಇದ್ದ ಪೋರಿ. ದಿನಕ್ಕ ಎಷ್ಟ ಸಲ ಅಂದ್ರ... ನಾ ಏನ ಎಣಸ್ಕೋತ ಕೂಡ್ತೇನೇನು? ಸಾಲ್ಯಾಗ ಟೀಚರ್, ಇಕಿಗೆ ಧ್ಯಾನ ಇಲ್ಲ, ಗೋಡಿ ನೋಡ್ತಾಳ ಅಂತ ಎರಡ ಸಲ ಬೆಂಚ ಮ್ಯಾಲ ನಿಲ್ಲಿಸ್ಯಾಳಂತ. ಕತ್ತೀಗೇನ ಗೊತ್ತ ಕಸ್ತೂರಿ!

ಗದ್ದದ ಮ್ಯಾಲಿಂದು? ಆ ಹೊಲಿಗಿ ಗುರ್ತು?... ಅದು ಔರಾದದಿಂದ ಬಂದ ದಿನ. ಬಸ್ಸಿನ ಪಾವಟಿಗಿ ಮ್ಯಾಲಿಂದ ಜಾರಿದ್ಲು. ಸಪನಾ ಹೇಳಿಲ್ಲೇನು? ಹುಡುಗ್ರು ಬೀಳ್ತಾವ್ರೀ. ನೀವು ಡಾಬಕಾದಾಗ ಬೇವಿನ ಗಿಡದ ಮ್ಯಾಲಿಂದ ಬಿದ್ದಿರಲಿಲ್ಲ? ಬಿಡ್ರಿ ಅದನ್ನ. ಮುಂದಿಂದ ಕೇಳ್ರಿ.

ಕಲಸೋದು ಹ್ಯಾಂಗಂತ? ಶಾಭಾಸ್! ಈಗ ಬಂದ್ರಿ ದಾರಿಗೆ! ಇದು ಯಾರಿಗೂ ಹೇಳಿಲ್ಲ, ನೀವಂತ ಹೇಳ್ತೇನಿ. ವೇದಿಕಿ ಹತ್ತೂಕಿಂತ ಮೊದಲ ಪರದೆ ಹಿಂದ ಕರ್ಕೊಂಡ ಹೋಗಿ ಜೋರ ಜೋರ ಉಸಿರಾಡಸ್ತೇನಿ. ಕಮ್ಮಾರನ ತಿದಿ ಊದಿದಂಗ! ಎರಡು ಮಿನಿಟ, ಮೂರು ಮಿನಿಟ, ಬಿಡದಂಗ. ಧೈರ್ಯ ಬರ್ಲಿ ಅಂತ ಸುರು ಮಾಡಿದ್ದು. ನೋಡಿದ್ರ, ಹಂಗ ಉಸಿರಾಡಿಸಿದ ದಿನ ವಿರಾಮ ತಪ್ಪದಂಗ ಬರ್ತದ! ಇಲ್ಲಂದ್ರ ಬಂದ್ರ ಬಂತು, ಬಿಟ್ರ ಬಿಡ್ತು...

ಬರ್ತದ ಅಂದ್ರ... ಅಕಿ ತರ್ತಾಳ. ಅಕಿನೇ ನಿಲ್ತಾಳ, ಬೇಕಂತನೇ... ಅದನ್ಯಾಕ ಬರ್ಕೊಂಡ್ರಿ? ಹೊಡದ ಹಾಕ್ರಿ ಅದನ್ನ. ಚೀಟಿ ಬರೀರಿ ಅಂದ್ರ ಬ್ಯಾರೇದೇ ಬರೀಲಕತ್ತೀರಿ!

ಪೋರಿಗ್ಯಾಕ ಒಳಗ ಕರೀತೀರಿ?... ಬಾರವ್ವ ಪ್ರಣಿತಾ, ಬಾ. ಅವ್ವ ಅಲ್ಲೇ ಕುಂದರ್ಲಿ. ಡಾಕ್ಟರಿಗೆ ಜೈಭೀಮ್ ಅನ್ನು. ಏನ ಕೊಟ್ರು? ಕಾಗದದ ಫಿರ್ಕಿ! ನೋಡ್ರಿ, ಡಾಕ್ಟರ ಆದ್ರೂ ಆಟ ಬಿಟ್ಟಿಲ್ಲ ಇವ್ರು. ಊದವ್ವ, ಊದು. ಗಿರ್ರಂತ ತಿರಗ್ಲಿ... ಇನ್ನೂ?... ಬಿಡದಂಗ ಊದಬೇಕಂತ?

ಮೇಡಂ, ಸಾಕ್ರೀ. ಪೋರಿಗೆ ದಣಿವಾಗ್ತದ. ಮುಂಜಾನಿಂದ ಬರೇ ಚಹಾ-ಬಿಸ್ಕೀಟ ಮ್ಯಾಲ ಅದ... ಫಿರ್ಕಿ ಕಸ್ಕೋರಿ ಅಂತೇನಿ. ಪ್ರಣಿತಾ, ಸಾಕವ್ವ. ಬಿಡು. ಮುತ್ಯಾ ಹೇಳ್ತಾನ, ಬಿಡು...

ನಿಂತ್ತು. ಫಿರ್ಕಿ ನಿಂತ್ತು.

...ಮೂರು... ನಾಕು... ಅಂಜಬ್ಯಾಡ್ರಿ, ಏನೂ ಆಗಂಗಿಲ್ಲ, ಈಗ ಬರ್ತಾಳ... ಏಳು... ಎಂಟು... ಮುಟ್ಟಬ್ಯಾಡ್ರಿ ಅಕಿಗೆ... ಹತ್ತು... ಹನ್ನೊಂದು. ಬಂದ್ಲು! ನೋಡ್ರಿ, ಮತ್ತ ಊದ್ಲಕತ್ತಾಳ! ಹನ್ನೊಂದಕ್ಕ ಬರೋಬ್ಬರಿ, ಒಂದ ಹೆಚ್ಚಿಲ್ಲ ಒಂದ ಕಮ್ಮಿಲ್ಲ...

ಯಾಕ್ರೀ ನನ್ನ ಕಡಿ ನೋಡ್ತೀರಿ? ಪೋರಿಗೆ ನೋಡ್ರಿ.

ನಾ... ಬಾಯಿ ಬಿಟ್ಟು ಎಣಿಸ್ದೇನು? ರೂಢಿ ಆರತಿ. ಮಾಸ್ತರಕಿ ರೂಢಿ...

ಏನರ ಅನ್ರಿ. ಬೈಬೇಕಂದ್ರ ಬೈರಿ. ಹಿಂಗ ಸುಮ್ಮ ಕೂಡಬ್ಯಾಡ್ರಿ... ಮೂರನೇ ಇಯತ್ತೆಗೂ ನೀ ಹಿಂಗೇ ಇದ್ದಿ. ಬೋರ್ಡಿನ ಮ್ಯಾಲ ನಾ ಲೆಕ್ಕ ತಪ್ಪಿದ್ರ, ತಪ್ಪ್ಯಾದ ಸರ್ ಅಂತ ಉಳದವ್ರು ಒದರ್ತಿದ್ರು. ನೀ ಬರೇ ನೋಡ್ಕೋತ ಕೂಡ್ತಿದ್ದಿ. ನಾನೇ ತಿರುಗಿ ಓದಿ, ನಾನೇ ಅಳಸಬೇಕು.

ಪಾವಟಿಗಿ ಅಲ್ಲವ್ವ ಅದು. ಭಾಲ್ಕಿ ಬಸ್ ಸ್ಟ್ಯಾಂಡ್ ಮುಂದಿನ ರಸ್ತಾ. ನಾ ದಾಟಿದ್ದೆ. ಬಕ್ಷೀಸಿನ ಸ್ಟೀಲಿನ ಕೊಡ ಹಿಡ್ಕೊಂಡ ಇಕಿ ಹಿಂದ ಬರ್ತಿದ್ಲು. ನಡಬರಕ ನಿಂತ್ಲು. ಅತ್ತಾಗಿಂದ ಅಯ್ಯುಬನ ಆಟೋ... ನನ್ನಿಂದ ನಾಕೇ ಹೆಜ್ಜಿ, ಆರತಿ. ಮಂದಿ ನೋಡ್ಲಕತ್ತಿದ್ರು. ಓಡಿ ಹೋಗಿ ಹಿಡಕೊಂಡ್ರ ಏನೋ ಅದ ಅಂತ ಎಲ್ಲಾರಿಗೂ ತಿಳೀತದ, ಹನ್ನೊಂದಕ್ಕ ತಾನೇ ಬರ್ತಾಳ ಅಂತ... ನಾ ಓಡಲಿಲ್ಲ. ನಿಂತು ಎಣಿಸ್ದೆ. ಎಂಟಕ್ಕ ಆಟೋ ಬಂತು.

ಪುಣ್ಯಾತ್ಮ, ಅಯ್ಯುಬ ಹ್ಯಾಂಡಲ್ ಹೊಳ್ಳಿಸಿದ. ಗದ್ದಕ್ಕ ಬರೇ ಅಂಚ ಬಡೀತು. ಪೋರಿಗೆ ಏನೂ ನೆನಪಿಲ್ಲ. ಬಸ್ಸಿನಿಂದ ಜಾರಿದಿ ಅಂದೆ, ಹೂಂ ಅಂದ್ಲು. ನಾ ಹೇಳಿದ್ದೆಲ್ಲಾ ನಂಬ್ತಾಳ ಅಕಿ.

ಏನವ್ವ ಪ್ರಣಿತಾ? ಏನ ಕೇಳಿದಿ?... ಚೊಲೋ ಊದಿದಿ ಅವ್ವ, ಭಾಳ ಚೊಲೋ... ಇಲ್ಲವ್ವ. ಇಲ್ಲಿ ಚಪ್ಪಾಳಿ ಹೊಡಿಯಂಗಿಲ್ಲ.

ಹೋಗು... ಅವ್ವಗ ಒಳಗ ಕರಿ.