ಕ್ಯಾಪ್ಟನ್‌ನ ಕಿವಿ

ಒಂದೂರಲ್ಲಿ ಒಬ್ಬ ಗುರಿಕಾರ ಇದ್ದ. ಚರ್ಚಿನ ಒಂದು ವಾರ್ಡಿಗೆ ಮುಖ್ಯಸ್ಥ. ಹೆಸರು ಕೇಳಬೇಡಿ, ನಮ್ಮೂರಲ್ಲೂ ಗುರಿಕಾರರಿದ್ದಾರೆ, ನಾಳೆ ಅವರ ಮನೆಯಲ್ಲೇ ನನಗೆ ಊಟ. ಅವನ ಹಂದಿಯ ಹೆಸರು ಬೇಕಾದರೆ ಹೇಳ್ತೇನೆ. ಕ್ಯಾಪ್ಟನ್.

ಇಡೀ ವಾರ್ಡಿಗೆ ಇದೊಂದೇ ಬೀಜದ ಹಂದಿ. ಮನೆಮನೆಯ ಹೆಣ್ಣು ಹಂದಿಗಳು ಇದರ ಗೂಡಿಗೇ ಬರಬೇಕು. ಗುರಿಕಾರನಿಗೆ ಅದೆಂಥ ಅಭಿಮಾನವೆಂದರೆ, ಹಬ್ಬದ ಮುನ್ನಾದಿನ ತನ್ನ ತಲೆಗೆ ಎಣ್ಣೆ ಇಲ್ಲದಿದ್ದರೂ ಕ್ಯಾಪ್ಟನ್‌ನ ಬೆನ್ನಿಗೆ ತೆಂಗಿನೆಣ್ಣೆ ಬೀಳಲೇಬೇಕು.

ಆ ವರ್ಷ ಮಗಳ ಮದುವೆ ಗೊತ್ತಾಯಿತು. ಮದುವೆಯ ಹಂದಿ ಸ್ವಂತ ಗೂಡಿನದ್ದೇ ಆಗಬೇಕು. ಪೇಟೆಯಿಂದ ತಂದರೆ ಗುರಿಕಾರನ ಮರ್ಯಾದೆ ಏನಾದೀತು? ಆದರೆ ನೋಡಿ, ಮದುವೆಗೆಂದು ಬಿಟ್ಟ ಮರಿಗಳು ತಿನ್ನುವುದು ಬಿಟ್ಟು ತುರಿಸತೊಡಗಿದವು. ಗೋಡೆಗೆ ಉಜ್ಜಿದವು, ಕಂಬಕ್ಕೆ ಉಜ್ಜಿದವು, ಒಂದಕ್ಕೊಂದು ಉಜ್ಜಿದವು. ಮೈಯೆಲ್ಲ ಕೆಂಪು. ಕಜ್ಜಿ!

"ಇದು ಆಚೆಮನೆ ಬಾಯಮ್ಮನ ಹಂದಿ ತಂದದ್ದು," ಎಂದ ಗುರಿಕಾರ. ಬಾಯಮ್ಮ ವಿಧವೆ. ಅವಳ ಹಂದಿಗೂ ಕಜ್ಜಿಯಾಗಿತ್ತು. ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಿ, ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಹೇಳಿದ್ದಳು. ಹೇಳಿದ್ದೇ ತಪ್ಪಾಯಿತು.

"ಇನ್ನು ನಿನ್ನ ಹಂದಿ ನಮ್ಮ ಅಂಗಳ ಮೆಟ್ಟಬಾರದು!"

"ಆಗಲಿ ಗುರಿಕಾರರೇ. ಆ ಕ್ಯಾಪ್ಟನ್‌ನ ಕಿವಿಯೊಳಗೆ ಒಮ್ಮೆ ನೋಡಿ."

"ಎಂತ ನೋಡುವುದು? ಅದು ತುರಿಸುವುದೇ ಇಲ್ಲ."

ಕ್ಯಾಪ್ಟನ್ ತುರಿಸಲಿಲ್ಲ, ನಿಜ. ಗುರಿಕಾರನೇ ತುರಿಸತೊಡಗಿದ! ಪೂಜೆಯಲ್ಲಿ ಮೊದಲ ಬೆಂಚಿನಲ್ಲಿ ನಿಂತು "ನನ್ನ ಪಾಪ, ನನ್ನ ಪಾಪ" ಎಂದು ಎದೆ ಬಡಿದುಕೊಳ್ಳುವ ಕೈ ಮೆಲ್ಲಗೆ ಕಂಕುಳಿಗೆ ಜಾರುತ್ತಿತ್ತು. ಹೆಂಡತಿ ಪಿಸುಗುಟ್ಟಿದಳು: "ಇದೂ ಬಾಯಮ್ಮ ತಂದದ್ದಾ? ಡಾಕ್ಟರನ್ನು ಕರೀರಿ ಮಾರಾಯ್ರೇ."

ಡಾಕ್ಟರು ಬಂದವರೇ ಕ್ಯಾಪ್ಟನ್‌ನ ಕಿವಿ ಮಗುಚಿದರು. ಒಳಗೆ ಹಳೇ ಕಾವಲಿಯ ಕರಕಲಿನ ಹಾಗೆ ದಪ್ಪ ಹಕ್ಕಳೆ.

"ಕಜ್ಜಿ ಹುಳದ ತವರುಮನೆ ಇಲ್ಲುಂಟು. ದೊಡ್ಡ ಹಂದಿ ತಾನು ತುರಿಸದೆಯೂ ಊರಿಗೆಲ್ಲ ಹಂಚ್ತದೆ. ಎಲ್ಲಕ್ಕೂ ಇವತ್ತೇ ಸೂಜಿ. ಹುಳದ ಮೊಟ್ಟೆ ಈ ಸೂಜಿಗೆ ಸಾಯುವುದಿಲ್ಲ, ಎರಡು ವಾರ ಬಿಟ್ಟು ಇನ್ನೊಂದು."

"ಮದುವೆಗೆ ಕಡಿಯಬಹುದಾ?"

"ಮದ್ದಿನ ಮಾಂಸ ಬೀಗರಿಗೆ ಬಡಿಸ್ತೀರಾ?"

ಸಂಜೆ ಗುರಿಕಾರ ಬಾಯಮ್ಮನ ಅಂಗಳದಲ್ಲಿ ನಿಂತಿದ್ದ. ಅವಳ ಗೂಡಿನಲ್ಲಿ ಹಂದಿಗಳು ಗುಂಡಗೆ, ನುಣ್ಣಗೆ, ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದವು.

"ನಿಮ್ಮದೇ ಉಪಕಾರ," ಎಂದಳು ಬಾಯಮ್ಮ. "ನೀವು ಅಂಗಳ ಮೆಟ್ಟಬಾರದು ಅಂದಿರಲ್ಲ, ನಮ್ಮ ಹಂದಿಗೆ ಮತ್ತೆ ಕಜ್ಜಿ ಬರಲೇ ಇಲ್ಲ."

"ತಪ್ಪಾಯ್ತು ಬಾಯಮ್ಮ."

"ಅದನ್ನು ವಾರ್ಡಿನ ಮೀಟಿಂಗಿನಲ್ಲೂ ಹೇಳಿ. ಮದುವೆಗೆ ಹಂದಿ ಕೊಡ್ತೇನೆ. ಆದರೆ ಬಡಿಸುವಾಗ ಯಾರ ಗೂಡಿನದ್ದು ಅಂತ ಹೇಳಿಯೇ ಬಡಿಸಬೇಕು."

ನಗ್ತೀರಿ. ನಗಿ. ಆದರೆ ಪಾಪನಿವೇದನೆಗೆ ನನ್ನ ಹತ್ತಿರ ಬಂದಾಗ ನೀವು ಯಾರ ಪಾಪ ಹೇಳ್ತೀರಿ? ಸೊಸೆಯದ್ದು ಹೇಳ್ತೀರಿ, ಅತ್ತೆಯದ್ದು ಹೇಳ್ತೀರಿ, ಆಚೆಮನೆಯದ್ದಂತೂ ವಿವರವಾಗಿ ಹೇಳ್ತೀರಿ. ನಿಮ್ಮದು? "ನನಗೆ ತುರಿಸುವುದೇ ಇಲ್ಲ, ಫಾದರ್!"

ತುರಿಸದ ಕಿವಿಯನ್ನೇ ಮೊದಲು ಮಗುಚಿ ನೋಡಿ. ಹಂದಿ ಸಾಕುವವರು ಡಾಕ್ಟರನ್ನೂ ಕರೆಯಿರಿ, ಕಜ್ಜಿಗೆ ಜಪಸರ ಒಂದೇ ಸಾಲದು. ಇನ್ನು, ಯಾರ ಅಂಗಳ ಮೆಟ್ಟುವುದಿಲ್ಲ ಎಂದು ಕೂತಿದ್ದೀರೋ, ಈ ವಾರ ಅಲ್ಲಿಗೇ ಹೋಗಿ "ತಪ್ಪಾಯ್ತು" ಅನ್ನಿ. ಒಮ್ಮೆ ಹೇಳಿ ಮುಗಿಯಿತು ಅಂದುಕೊಳ್ಳಬೇಡಿ. ಮೊಟ್ಟೆ ಒಳಗೆ ಉಳಿದಿರ್ತದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ಹೋಗಿ.