ಮನೆಗೊಬ್ಬರು

ಪೂಜ್ಯ ಭಿಕ್ಷುಗಳೇ, ಅಧ್ಯಕ್ಷರಾದ ಊ ಮ್ಯತ್ ಖೈಂಗ್ ಅವರೇ, ರಾಜಧಾನಿಯಿಂದ ಬಂದಿರುವ ಅತಿಥಿಗಳೇ, ನನ್ನ ಕೈಯಲ್ಲಿ ಪೆಟ್ಟು ತಿಂದು ದೊಡ್ಡವರಾದ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಲಾಷಿಯೊದಿಂದ ಚೀನಾ ಗಡಿಗೆ ಯುದ್ಧದ ಸಾಮಾನು ಸಾಗಿಸಲು ಗುಡ್ಡ ಕಡಿದು ಮಾಡಿದ ರಸ್ತೆ ಇದು. ಆಗ ಕಲ್ಲೊಡೆಯುತ್ತಾ ಸತ್ತ ನಮ್ಮೂರಿನ ಹನ್ನೊಂದು ಜನರ ಸ್ಮಾರಕವನ್ನು ಇಂದು ತೆರೆದಿದ್ದೇವೆ. ನನ್ನ ಅಪ್ಪನೂ ಕಲ್ಲೊಡೆದವರೇ. ಅವರ ಹೆಸರು ಅಲ್ಲಿಲ್ಲ. ಅವರು ಬದುಕಿ ಬಂದದ್ದರಿಂದಲೇ ನಾನು ಹುಟ್ಟಿದ್ದು, ಹಾಗಾಗಿ ನನಗೆ ಬೇಸರವಿಲ್ಲ.

ಹೊಸ ಕಾಲ ಬಂದಿದೆ. ಜೈಲಿಗೆ ಹೋದವರು ಮನೆಗೆ ಬಂದಿದ್ದಾರೆ. ಪತ್ರಿಕೆಯವರು ಯಾರಿಗೂ ಮೊದಲೇ ತೋರಿಸದೆ ಅಚ್ಚು ಹಾಕುತ್ತಿದ್ದಾರೆ. ಸಂತೋಷ. ಆದರೂ ನಿನ್ನೆ ಸ್ಮಾರಕ ಸಮಿತಿಯ ಕಾರ್ಯದರ್ಶಿಗಳು ಮನೆಗೆ ಬಂದು, "ಮೇಡಂ, ಯುದ್ಧದ ಕಾಲದ್ದಷ್ಟೇ ಮಾತಾಡಿ. ಆಮೇಲಿನದೆಲ್ಲ ಯಾಕೆ ಸುಮ್ನೆ?" ಎಂದರು. ಆಗಲಿ ಎಂದೆ. ಆದರೆ ರಸ್ತೆ ಯುದ್ಧದೊಂದಿಗೆ ಮುಗಿಯಿತೇ?

ತೊಂಬತ್ನಾಲ್ಕರ ಮಳೆಗಾಲ. ಇದೇ ರಸ್ತೆ ಅಗಲ ಮಾಡಲು ಮನೆಗೊಬ್ಬರು ಬರಬೇಕೆಂದು ಸೈನ್ಯದ ಠಾಣೆಯಿಂದ ಆಜ್ಞೆ ಬಂತು. ಮುಖ್ಯೋಪಾಧ್ಯಾಯಿನಿ ಎಂದು ಪಟ್ಟಿ ಬರೆಯುವ ಕೆಲಸ ನನಗೇ ಕೊಟ್ಟರು. ನನ್ನ ಗಂಡನಿಗೆ ಉಬ್ಬಸ. ಉಬ್ಬಸ ಎನ್ನುತ್ತೇನೆ, ಚಹಾದಂಗಡಿಗೆ ಹೋಗಲು ಅದೇನೂ ಅಡ್ಡಿಯಾಗುತ್ತಿರಲಿಲ್ಲ. ಪಟ್ಟಿಯಲ್ಲಿ ನಮ್ಮ ಮನೆಯನ್ನು ಬಿಟ್ಟುಬಿಟ್ಟೆ. ಒಬ್ಬರು ಕಮ್ಮಿ ಬಿದ್ದರು. ನಮ್ಮ ಶಾಲೆಯ ಮೂರನೇ ತರಗತಿಯ ಶಿಕ್ಷಕಿಯ ಗಂಡನ ಹೆಸರು ಆಗಲೇ ಪಟ್ಟಿಯಲ್ಲಿತ್ತು. ಅದರ ಕೆಳಗೆ ಆಕೆಯ ಹೆಸರನ್ನೂ ಬರೆದೆ. ಯಾಕೆ ಆಕೆ? ಆಕೆ ಎದುರು ಮಾತಾಡುವವಳಲ್ಲ, ಅದಕ್ಕೆ.

"ಅಕ್ಕಾ, ನಮ್ಮನೇಲಿ ಇಬ್ಬರನ್ನ ಬರ್ದಿದೀರಲ್ಲ, ಕೈತಪ್ಪಿ ಆಯ್ತೇನೋ" ಎಂದಳು.

"ನಾಲ್ಕೇ ದಿನ ಕಣೇ, ಹೋಗಿ ಬಾ" ಎಂದೆ.

ಮೂರನೇ ದಿನ ಗುಡ್ಡ ಕುಸಿದು ಆಕೆ ಮಣ್ಣಿನಡಿಯಾದಳು. ಆಕೆಯ ಗಂಡ ಬರಿಗೈಯಲ್ಲಿ ಮಣ್ಣು ತೋಡಿದರಂತೆ. ನಾನು ನೋಡಲು ಹೋಗಲಿಲ್ಲ.

ಸ್ಮಾರಕದ ಮಾತು ಬಂದಾಗ ಅವರ ಬಳಿ ಹೋದೆ. ಅಂಗಳದಲ್ಲಿ ಹುದುಗಿಸಿದ ಸೋಯಾ ಬಿಲ್ಲೆಗಳನ್ನು ಬಿಸಿಲಿಗೆ ಹರವುತ್ತಿದ್ದರು. ಆಕೆಯ ಹೆಸರನ್ನೂ ಕೆತ್ತಿಸೋಣ, ಸಭೆಯಲ್ಲಿ ನಾನೇ ಕೇಳುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ.

"ಹತ್ತೊಂಬತ್ತು ವರ್ಷ ನಮ್ಮನೆ ಮುಂದೇನೇ ಓಡಾಡಿದ್ರಿ ಮೇಡಂ, ಒಂದಿನ ಒಳಗೆ ಬರ್ಲಿಲ್ಲ. ಈಗ ಮಾತಾಡೋಕೆ ಭಯ ಇಲ್ಲ ಅಂತ ಬಂದ್ರಾ? ನಿಮ್ಮ ಮನಸ್ಸು ಹಗುರ ಆಗೋಕೆ ಅವಳ ಹೆಸರು ಬೇಡ. ಹೇಳೋದಿದ್ರೆ ನಿಮ್ಮ ಹೆಸರು ಹೇಳ್ಕೊಳಿ."

ಅವರು ಇಲ್ಲಿಗೆ ಬಂದಿಲ್ಲ. ಆಕೆಯ ಹೆಸರನ್ನು ನಾನು ಹೇಳುವುದಿಲ್ಲ.

ನಾನು ನಾಂಗ್ ಹೋಮ್ ನುವಾನ್. ಠಾಣೆಯವರು ಮನೆಗೊಬ್ಬರನ್ನು ಕೇಳಿದ್ದರು. ಆ ಮನೆಯಿಂದ ಇಬ್ಬರನ್ನು ಕೊಟ್ಟವಳು ನಾನು.

ಇಷ್ಟು ಹೊತ್ತು ಕೂತು ಕೇಳಿದಿರಿ, ಉಪಕಾರವಾಯಿತು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.