ಒಬ್ಬನೇ ದೇವರು, ಒಬ್ಬಳೇ ಮಗಳು

...ಅಲ್ಲ ಕಣೇ ಗುಬ್ಬಿ, ನಗೋದ್ಯಾಕೆ? ಆ ಭಾಷಣ ನಾನೇ ಮಾಡಿದ್ದು, ಇಲ್ಲ ಅಂದ್ನಾ? ‘ಜಗತ್ತಿಗೆ ನಿಯಮ ಒಂದೇ ಆದರೆ ನಿಯಮ ಕೊಟ್ಟವನೂ ಒಬ್ಬನೇ. ಇಸ್ಲಾಂ ಈ ಮಾತನ್ನ ಸುತ್ತುಬಳಸದೆ ಹೇಳಿತು. ರೂಪ ಇಲ್ಲ, ಸಾಟಿ ಇಲ್ಲ, ಪಾಲುದಾರ ಇಲ್ಲ!’ ನನ್ನದೇ ಮಾತು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೀತು. ನೀನೂ ಹೊಡೆದೆ. ನಿನ್ನ ಆ ಹುಡುಗನೂ ಹೊಡೆದ, ನಿನ್ನ ಪಕ್ಕದಲ್ಲೇ ನಿಂತು... ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಕೂತ್ಕೋ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ಗೋಡೆ ತುಂಬ ಪ್ರಶಸ್ತಿ ಇರೋ ವಿಜ್ಞಾನಿ ಕೋಣೇಲಿ ನೆಟ್ಟಗಿರೋ ಕುರ್ಚಿ ಒಂದಿಲ್ಲ, ನೋಡು!

ನನ್ನ ನಂಬಿಕೆ ಬದಲಾಗಿಲ್ಲ. ಇವತ್ತೂ ಹೇಳ್ತೀನಿ, ದೇವರು ಒಬ್ಬನೇ. ನಮ್ಮ ವಿಭಾಗದ ಮಹಾಶಯರು ಯಂತ್ರದ ಗುಂಡಿ ಒತ್ತೋ ಮುಂಚೆ ಕಣ್ಮುಚ್ಚಿ ಏನೇನೋ ಗೊಣಗ್ತಾರಲ್ಲ, ಯಾವ್ಯಾವ ದೇವರಿಗೆ ಎಷ್ಟೆಷ್ಟು ವೋಲ್ಟೇಜೋ! ನಾನು ಹಾಗಲ್ಲ. ಆದರೆ ನೀನು ಬಂದು ಆ ಹುಡುಗನನ್ನೇ ಮದುವೆ ಆಗ್ತೀನಿ ಅಂದರೆ... ಸಿದ್ಧಾಂತ ಬೇರೆ, ಬೀಗರು ಬೇರೆ ಕಣಮ್ಮ. ಏನು? ಹುಬ್ಬು ಯಾಕೆ ಏರಿಸ್ತೀಯ? ಗುರುತ್ವಾಕರ್ಷಣೆ ನಿಜ ಅಂತ ಯಾರಾದ್ರೂ ಮಹಡಿಯಿಂದ ಹಾರ್ತಾರಾ?

ಹುಡುಗ ಒಳ್ಳೆಯವನೇ. ನನ್ನ ಪ್ರಯೋಗಾಲಯದಲ್ಲೇ ಪಳಗಿದವನು, ನನಗೆ ಗೊತ್ತಿಲ್ವಾ? ನಮಾಜಿಗೆ ಜಾಗ ಬೇಕು ಅಂದಾಗ ಇದೇ ಕೋಣೆ ಬಿಟ್ಟುಕೊಟ್ಟೆ. ಯಾರೂ ಒಳಗೆ ನುಗ್ಗದ ಹಾಗೆ ಬಾಗಿಲಾಚೆ ನಿಂತು ಕಾವಲು ಕಾದಿದ್ದೀನಿ, ಬೇಕಾದ್ರೆ ಅವನನ್ನೇ ಕೇಳು! ಅಂಥ ಅಪ್ಪ ಕಣೇ ನಿನಗೆ ಸಿಕ್ಕಿರೋದು.

ನಿಮ್ಮಮ್ಮನ ಮುಖ ನೋಡಿದ್ಯಾ? ಊಟ ಬಿಟ್ಟಿದ್ದಾಳೆ... ಸರಿ, ಬಿಟ್ಟಿಲ್ಲ. ನನಗೇ ಸೇರ್ತಿಲ್ಲ.

ಮಾತಾಡೇ. ಬೈಯಿ ಬೇಕಾದ್ರೆ. ಹೀಗೆ ದುರುಗುಟ್ಕೊಂಡು ನೋಡಬೇಡ.

ಆಯ್ತು, ಆಯ್ತು! ಅವನು ಅರ್ಜಿ ಹಾಕಿದ್ದ ಆ ಸಂಸ್ಥೇಲಿ ಕೆಲಸ ಸಿಗಲಿಲ್ಲ ಅಂತ ತಾನೇ ನಿನ್ನ ಸಿಟ್ಟು? ಅವನು ಹೇಗೆ ಅಂತ ಕೇಳೋಕೆ ಅಲ್ಲಿನ ನಿರ್ದೇಶಕರೇ ಫೋನ್ ಮಾಡಿದ್ದು, ನಾನಾಗಿ ಮಾಡಲಿಲ್ಲ. ಕೆಟ್ಟದ್ದೇನೂ ಹೇಳಲಿಲ್ಲ. ‘ಬುದ್ಧಿವಂತ, ಆದರೆ... ಸ್ವಲ್ಪ ಯೋಚಿಸಿ’ ಅಂದೆ. ಅಷ್ಟೇ! ಆ ‘ಆದರೆ’ಗೆ ಅವರು ಏನು ಅರ್ಥ ಮಾಡಿಕೊಂಡರೋ, ನಾನೇನು ಮಾಡಲಿ? ಕೆಲಸ ಇಲ್ಲ ಅಂದರೆ ಮದುವೆ ಮುಂದಕ್ಕೆ ಹೋಗುತ್ತೆ, ಅಷ್ಟರಲ್ಲಿ ನಿನ್ನ ಮನಸ್ಸು...

ಯಾಕೆ ಎದ್ದೆ?

ಗುಬ್ಬೀ... ಬಾಗಿಲ ಕಡೆ ಎಲ್ಲಿಗೆ ಹೊರಟೆ?

ಅಂದರೆ... ಇದನ್ನ ಕೇಳೋಕೆ ಬಂದದ್ದಲ್ವಾ ನೀನು? ನಿನಗೆ... ಗೊತ್ತೇ ಇರಲಿಲ್ವಾ?